ಸೋಮವಾರದ ಡಬ್ಬಿ

ಕೊಟ್ಟೂರಿನ ನಮ್ಮ ಔಷಧಿ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದುದು ಒಂದು ಕತ್ತರಿ. ಪೂರ್ತಿ ಪಟ್ಟಿ ಗುಳಿಗೆ ಕೊಳ್ಳುವವರು ವಾರಕ್ಕೊಬ್ಬರು ಸಿಕ್ಕರೆ ಹೆಚ್ಚು. ಉಳಿದವರೆಲ್ಲ ಮೆಟ್ಟಿಲ ಕೆಳಗೇ ನಿಂತು, "ಜ್ವರಕ್ಕ ಎರಡು ಕೊಡ್ರಿ, ಕೆಂಪು-ಕರೇವು. ಕಮ್ಮಿ ಆಗಲಿಲ್ಲಂದ್ರ ಮತ್ತ ಬರ್ತೀನಿ" ಎನ್ನುವರು. ನಾನು ಕತ್ತರಿಸಿ ಕೊಡುತ್ತಿದ್ದೆ. ಕಮ್ಮಿ ಆದರೆ ಅವರು ಬರುತ್ತಿರಲಿಲ್ಲ. ಆಗದಿದ್ದರೂ ಬರುತ್ತಿರಲಿಲ್ಲ, ಎದುರಿನ ಅಂಗಡಿಗೆ ಹೋಗಿ ಬೇರೆ ಬಣ್ಣದ್ದು ಎರಡು ಕೇಳುತ್ತಿದ್ದರು.

ಲೈಸೆನ್ಸು ನನ್ನ ಗಂಡನದು. ನಾನು ತೊಂಬತ್ತರ ದಶಕದ ಮೊದಮೊದಲಲ್ಲಿ ತೆಲಿಗಿಯಿಂದ ಆ ಮನೆಗೆ ಸೊಸೆಯಾಗಿ ಬಂದವಳು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಅಷ್ಟೇ ನನ್ನ ಬಂಡವಾಳ. ಅವರು ಮಾಲು ತರಲು ಹೊಸಪೇಟೆಗೆ ಹೋದಾಗ, ಮಧ್ಯಾಹ್ನ ಉಂಡು ಮಲಗಿದಾಗ, ಅಂಗಡಿಯಲ್ಲಿ ಕೂರುತ್ತಿದ್ದವಳು ನಾನು. ಎರಡು ವರ್ಷದಲ್ಲಿ ಯಾವ ಬಣ್ಣಕ್ಕೆ ಯಾವ ಹೆಸರು, ಯಾವ ಹೆಸರಿಗೆ ಯಾವ ಕಾಯಿಲೆ ಎಲ್ಲ ಬಾಯಿಪಾಠವಾಯಿತು. ಓಣಿಯವರು ಅರ್ಧ ತಮಾಷೆಗೆ ಡಾಕ್ಟರಮ್ಮ ಎಂದು ಕರೆಯುತ್ತಿದ್ದರು. ನಾನು ಅದನ್ನು ಪೂರ್ತಿ ನಿಜವೆಂದೇ ಇಟ್ಟುಕೊಂಡೆ. ಚಿಕ್ಕಂದಿನಿಂದಲೂ ನನಗೊಂದು ಕೆಟ್ಟ ಚಾಳಿ. ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳುವುದಿಲ್ಲ.

ಕತ್ತರಿಸುತ್ತ ಹೋದರೆ ತುಣುಕು ಉಳಿಯುತ್ತವೆ. ಪಟ್ಟಿಯ ತುದಿಯಲ್ಲಿ ಒಂದು, ಹೆಸರಿಲ್ಲದ ತಾರೀಖಿಲ್ಲದ ಎರಡು. ಅವನ್ನು ಯಾರೂ ಕೊಳ್ಳುವುದಿಲ್ಲ. ಕಂಪನಿಯವರು ಬಿಟ್ಟುಹೋದ ಸ್ಯಾಂಪಲ್ಲುಗಳೂ ಇರುತ್ತಿದ್ದವು. ಎಸೆಯಲು ಮನಸ್ಸು ಬಾರದೆ ಎಲ್ಲವನ್ನೂ ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಡುತ್ತಿದ್ದೆ. ನಮ್ಮದು ದಾಸೋಹದ ಊರು. ಮಠಕ್ಕೆ ಹೋದವರು ಉಣ್ಣದೆ ಬರುವುದಿಲ್ಲ. ನಮ್ಮ ಮನೆಯಲ್ಲೂ ಸೋಮವಾರ ಇನ್ನೊಬ್ಬರ ಕೈಗೆ ಏನಾದರೂ ಹಾಕಿದ ಮೇಲೆಯೇ ನಾವು ಉಣ್ಣುವುದು. ಅಂಥ ಒಂದು ಸೋಮವಾರ, ನಮ್ಮ ಕೊಟ್ಟಿಗೆ ಬಳಿಯಲು ಬರುತ್ತಿದ್ದವಳು ತನ್ನ ಕೂಸಿಗೆ ಭೇದಿ ಎಂದು ಅಳುತ್ತ ನಿಂತಳು. ನಾನು ಡಬ್ಬಿ ತೆರೆದು ಮೂರು ಗುಳಿಗೆ ತೆಗೆದೆ.

"ಬಿಚ್ಚಿ ಪುಡೀನ ಬೆಲ್ಲದಾಗ ಕಲಸಿ ತಿನಸು" ಎಂದೆ.

ಮರುದಿನ ಕೂಸು ಆಡುತ್ತಿತ್ತಂತೆ. ಏನೂ ಕೊಡದೆ ಉಪ್ಪು-ಸಕ್ಕರೆ ನೀರು ಕುಡಿಸಿದ್ದರೂ ಆಡುತ್ತಿತ್ತು ಎನ್ನುವುದು ನನಗೆ ಈಗ ಗೊತ್ತು. ಅವತ್ತು ಗೊತ್ತಿದ್ದುದು ಒಂದೇ: ನನ್ನ ಕೈಗುಣ ದೊಡ್ಡದು. ಅಲ್ಲಿಂದ ಪ್ರತಿ ಸೋಮವಾರ ಡಬ್ಬಿ ಹೊರಗೆ ಬಂತು. ಕೆಮ್ಮಿದವರಿಗೆ ಎರಡು, ಹುಣ್ಣಾದವರಿಗೆ ಎರಡು, ಉರಿಮೂತ್ರವೆಂದು ಸಂಕೋಚದಿಂದ ಕಿವಿಯಲ್ಲಿ ಹೇಳಿದವರಿಗೆ ಮೂರು. ನನ್ನ ಗಂಡ ನಕ್ಕು, "ಅನ್ನದ ದಾಸೋಹ ಕೇಳೀನಿ. ಗುಳಿಗಿ ದಾಸೋಹ ಇದೇ ಮೊದಲು ನೋಡು" ಎಂದರು. ನಕ್ಕರೇ ಹೊರತು ತಡೆಯಲಿಲ್ಲ. ಹೊಸಪೇಟೆಗೆ ಹೋಗಿಬಂದಾಗ ತಮ್ಮ ಜೇಬಿನ ತುಣುಕುಗಳನ್ನೂ ಅದಕ್ಕೇ ಸುರಿಯುತ್ತಿದ್ದರು.

ಕೊಟ್ಟಿಗೆಯವಳು ಬರುತ್ತಿದ್ದುದು ಕೆರೆಯ ಕಡೆಯ ಕೇರಿಯಿಂದ. ನನ್ನ ವಯಸ್ಸಿನವಳೇ. ಅವಳ ಮಗಳಿಗೂ ನನ್ನ ಮಗಳಿಗೂ ಎರಡು ತಿಂಗಳ ಅಂತರ. ಕೆಲಸ ಮುಗಿಸಿ ಹೋಗುವಾಗ ಅವಳ ಚೆಂಬಿಗೆ ಮಜ್ಜಿಗೆ ಹಾಕುವುದು ವಾಡಿಕೆ. ಚೆಂಬಿಗೆ ನಮ್ಮ ಪಾತ್ರೆ ತಾಗದ ಹಾಗೆ ಮೇಲಿಂದ ಸುರಿಯುತ್ತಿದ್ದೆವು. ಗುಳಿಗೆಯನ್ನೂ ಹಾಗೇ, ಅವಳ ಬೊಗಸೆಗೆ ಮೇಲಿಂದ ಬಿಡುತ್ತಿದ್ದೆ. ಅದರಲ್ಲಿ ತಪ್ಪಿದೆ ಎಂದು ಆಗ ನನಗೆ ಹೊಳೆಯಲೂ ಇಲ್ಲ. "ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅಕ್ಕಾರ" ಎಂದು ಹೋಗುವಳು. ಅದನ್ನು ಕೇಳಿಸಿಕೊಂಡು ಊಟಕ್ಕೆ ಕೂತರೆ ಅನ್ನ ರುಚಿಯೆನಿಸುತ್ತಿತ್ತು.

ಅತ್ತೆಯದು ಬೇರೆಯೇ ದಾನ. ಅವರ ತವರು ನೀಲಗುಂದ. ಮದುವೆಯಾಗಿ ಬರುವಾಗ ತವರಿನ ಹೆಪ್ಪನ್ನು ಒಂದು ಮಣ್ಣಿನ ಕುಡಿಕೆಯಲ್ಲಿ ತಂದಿದ್ದರಂತೆ. ನಿನ್ನೆಯ ಮೊಸರಿನ ಒಂದು ಚಮಚ ಇವತ್ತಿನ ಹಾಲಿಗೆ, ಇವತ್ತಿನದು ನಾಳೆಗೆ, ಹೀಗೆ ನಲವತ್ತು ವರ್ಷ ಒಂದು ದಿನವೂ ಕಡಿಯದೆ ನಡೆದಿತ್ತು. ನಮ್ಮ ಎಮ್ಮೆಯ ಹಾಲು ಓಣಿಯ ಆರು ಮನೆಗೆ ದಿನವೂ ಅಳೆದು ವರ್ತನೆ ಹೋಗುತ್ತಿತ್ತು. ಅದೂ ತಪ್ಪಿದ ದಿನವಿಲ್ಲ. ಹೆಪ್ಪು ಕೇಳಿ ಬಂದವರಿಗೆ ಇಲ್ಲ ಎನ್ನುತ್ತಿರಲಿಲ್ಲ, ಆದರೆ ದೀಪ ಹಚ್ಚಿದ ಮೇಲೆ ಮಾತ್ರ ದೇವರೇ ಬಂದರೂ ಕೊಡುತ್ತಿರಲಿಲ್ಲ. ಆಗ ಕೊಟ್ಟರೆ ಮನೆಯ ಲಕ್ಷ್ಮಿ ಹೆಪ್ಪಿನ ಜೊತೆ ಹೊರಟುಹೋಗುತ್ತಾಳೆ ಎಂದು ಅವರ ನಂಬಿಕೆ.

ನನ್ನ ಡಬ್ಬಿ ಕಂಡರೆ ಅತ್ತೆಗೆ ಆಗುತ್ತಿರಲಿಲ್ಲ.

"ಹೊಟ್ಟಿ ಕೆಟ್ರ ಹೊಟ್ಟಿಗಿ ಮಜ್ಜಿಗಿ ಕೊಡಬೇ. ಬಣ್ಣ ಯಾಕ ಕೊಡ್ತಿ?"

"ಅತ್ತೀ, ಅದ್ರಾಗ ಔಷಧ ಐತ್ರಿ. ಹುಳ ಸಾಯ್ತಾವ."

"ಎಲ್ಲಾ ಹುಳಾನೂ ಸಾಯಿಸಿದ್ರ ಹೊಟ್ಟಿಯಾಗ ಇರೋರ್ಯಾರು?"

ಅತ್ತೆ ಅಕ್ಷರ ಕಲಿತವರಲ್ಲ. ನಾನು ಒಳಗೇ ನಕ್ಕೆ. ಅವರ ಮಾತನ್ನು ಅಂಗಡಿಗೆ ಬಂದವರ ಮುಂದೆ ಅವರದೇ ದನಿಯಲ್ಲಿ ಆಡಿ ತೋರಿಸಿ ನಗಿಸುತ್ತಲೂ ಇದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮಗಳಿಗೆ ನಾಲ್ಕು ತುಂಬಿದ ವರ್ಷ ಎಮ್ಮೆಗೆ ಕೆಚ್ಚಲು ಬಾವು ಬಂತು. ಅತ್ತೆ ಬೆಳಗ್ಗೆಯೇ ಮಠಕ್ಕೆ ಹೋಗಿದ್ದರು. ದನದ ಆಸ್ಪತ್ರೆಯ ಕಾಂಪೌಂಡರ್ ಬಂದು ಬಾತ ಮೊಲೆಗೆ ಔಷಧದ ಟ್ಯೂಬು ಏರಿಸಿದ. ಇನ್ನೆರಡು ಟ್ಯೂಬು ಕೈಗೆ ಕೊಟ್ಟು, "ಅಕ್ಕಾರ, ಔಷಧ ಮುಗಿದು ಮೂರು ದಿನದ ತನಕ ಈ ಹಾಲು ಮಾರಬ್ಯಾಡ್ರಿ, ಕುಡೀಬ್ಯಾಡ್ರಿ. ಕರುವಿಗೂ ಬಿಡಬ್ಯಾಡ್ರಿ" ಎಂದು ಎರಡೆರಡು ಸಲ ಹೇಳಿಹೋದ. ಕೇಳಿದವಳು ನಾನೊಬ್ಬಳೇ. ನಲವತ್ತು ವರ್ಷ ತಪ್ಪದ ವರ್ತನೆ ನನ್ನ ಮಾತಿನಿಂದ ತಪ್ಪಿತು ಎಂದಾದರೆ ಅತ್ತೆ ಮನೆ ಕಿತ್ತುಹೋಗುವ ಹಾಗೆ ಕೂಗಾಡುತ್ತಾರೆ, ಆರು ಮನೆಯವರು ಬೇರೆ ಕಡೆ ಹಾಲು ಗೊತ್ತುಮಾಡಿಕೊಳ್ಳುತ್ತಾರೆ. ನಾನು ಯಾರಿಗೂ ಹೇಳದೆ ಉಳಿದ ಟ್ಯೂಬುಗಳನ್ನೂ ಏರಿಸಿದೆ. ಎರಡನೆಯ ದಿನಕ್ಕೆ ಬಾವು ಇಳಿದು ಹಾಲು ಬೆಳ್ಳಗೆ ಬಂತು. ಒಳ್ಳೆಯದಾಗಲಿ ಎಂದು ಅಂಗಡಿಯಿಂದ ಇನ್ನೊಂದು ಔಷಧವನ್ನೂ ನಾನೇ ಬೂಸಾದಲ್ಲಿ ಕಲಸಿ ಎಮ್ಮೆಗೆ ತಿನಿಸಿದ್ದೆ. ನಾಲ್ಕು ಮೊಲೆಯ ಹಾಲನ್ನೂ ಕೂಡಿಸಿ ಕರೆದು, ಅಳೆದು ಕಳಿಸಿದೆ.

ಮರುದಿನ ಬೆಳಗ್ಗೆ ಅತ್ತೆ ಗಡಿಗೆಯ ಮುಚ್ಚಳ ತೆಗೆದರು. ಹಾಲು ಹಾಲಾಗಿಯೇ ಇತ್ತು. ಹೆಪ್ಪಾಗಿರಲಿಲ್ಲ. ಚಳಿ ಇರಬೇಕು ಎಂದು ಒಲೆಯ ಪಕ್ಕಕ್ಕೆ ಇಟ್ಟರು. ಮಧ್ಯಾಹ್ನಕ್ಕೆ ಒಂಥರಾ ಲೋಳೆಯಾಗಿ ನಾರತೊಡಗಿತು. ಅಷ್ಟರಲ್ಲಿ ವರ್ತನೆಯ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು.

"ಏನ್ರೀ, ನಿಮ್ಮ ಹಾಲು ಹೆಪ್ಪ ಆಗ್ವಲ್ದು?"

ಮೂರು ದಿನ ಹಾಗೇ ಆಯಿತು. ಹೆಪ್ಪು ಎಂದರೆ ನಿನ್ನೆಯ ಮೊಸರು, ಮೂರು ದಿನ ಮೊಸರೇ ಆಗದಿದ್ದರೆ ಹೆಪ್ಪು ಎಲ್ಲಿಂದ? ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ. ನಲವತ್ತು ವರ್ಷ ನಡೆದ ನೀಲಗುಂದದ ಹೆಪ್ಪು ನಾನು ಮುಚ್ಚಿಟ್ಟ ಮೂರು ಟ್ಯೂಬಿಗೆ ಸತ್ತಿತು.

ಆದರೆ ಅತ್ತೆಗೆ ಬೇರೆ ಕಾರಣ ಸಿಕ್ಕಿತ್ತು. ಅದಕ್ಕೆ ಎರಡು ದಿನ ಹಿಂದೆ ಪಕ್ಕದ ಮನೆಗೆ ಬೀಗರು ಬಂದಿದ್ದರು. ಆ ಮನೆಯವಳು ಗೋಗರೆದಳೆಂದು ಅತ್ತೆ ಜೀವಮಾನದಲ್ಲಿ ಮೊದಲ ಸಲ ದೀಪ ಹಚ್ಚಿದ ಮೇಲೆ ಒಂದು ಬಟ್ಟಲು ಹೆಪ್ಪು ಕೊಟ್ಟಿದ್ದರು. "ನಾನ ಕಳಕೊಂಡೆ. ನನ್ನ ಕೈಯಿಂದ ಹೋತು" ಎಂದು ಅಡುಗೆಮನೆಯ ಗೋಡೆಗೆ ಒರಗಿ ಕೂತರು. ಅಷ್ಟು ಗಟ್ಟಿ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ನನಗೆ ಕಾರಣ ಗೊತ್ತಿತ್ತು. ಓದಿದ್ದ ಅಷ್ಟಿಷ್ಟು ವಿಜ್ಞಾನದಲ್ಲೇ ಗೊತ್ತಾಗಿತ್ತು. ಹಾಲನ್ನು ಮೊಸರು ಮಾಡುವುದೂ ಕಣ್ಣಿಗೆ ಕಾಣದ ಜೀವಗಳೇ, ಎಮ್ಮೆಗೆ ಏರಿಸಿದ ಔಷಧ ಹಾಲಿಗೆ ಇಳಿದು ಅವನ್ನು ಕೊಂದಿದೆ. ಅಷ್ಟೇ ಅಲ್ಲ, ಒಂದು ಕ್ಷಣ ಇನ್ನೊಂದು ವಿಚಾರವೂ ಬಂತು. ಗಡಿಗೆಯಲ್ಲಿ ಹೀಗಾದರೆ ಹೊಟ್ಟೆಯಲ್ಲಿ ಏನಾಗುತ್ತದೆ? ಆ ಪ್ರಶ್ನೆ ಬಂದದ್ದು ಎಷ್ಟು ಸ್ಪಷ್ಟವಾಗಿ ನೆನಪಿದೆಯೆಂದರೆ, ನನ್ನ ಕೈಯಲ್ಲಿದ್ದ ಸೌಟೂ ನೆನಪಿದೆ. ಬಾಯಿಬಿಟ್ಟಿದ್ದರೆ ಅತ್ತೆಯ ಅಳು ಅಲ್ಲಿಗೇ ನಿಲ್ಲುತ್ತಿತ್ತು. ನಾನು ಬೆಕ್ಕಿನ ಹಾಗೆ ಕಣ್ಣು ಮುಚ್ಚಿಕೊಂಡೆ. "ಹೋಗ್ಲಿ ಬಿಡ್ರಿ ಅತ್ತಿ, ಹಿಂದಿನ ಓಣ್ಯಾಗ ಆಕಳ ಮನಿಯಿಂದ ಬ್ಯಾರೆ ಹೆಪ್ಪು ತರ್ತೀನಿ" ಎಂದೆ. ತಂದೆ. ಅವತ್ತಿನಿಂದ ಅತ್ತೆ ಹಾಲಿಗೆ ಹೆಪ್ಪು ಹಾಕುವುದನ್ನೇ ಬಿಟ್ಟರು. "ನನ್ನ ಕೈ ಕೆಟ್ಟೈತಿ, ನೀ ಹಾಕು" ಎನ್ನುವರು.

ಆಮೇಲೆ ಆರು ವರ್ಷ ಡಬ್ಬಿ ನಡೆಯಿತು. ಹಳೆಯ ಕೆಂಪು-ಕರಿಯವು ಹಿಂದೆ ಬಿದ್ದವು, ಜ್ವರ ಅವಕ್ಕೆ ಬಗ್ಗುವುದಿಲ್ಲ ಎಂದು ಮಂದಿ ಅನ್ನತೊಡಗಿದರು. ಬಿಳಿಯ ಉದ್ದ ಸಿಪ್ರೋಫ್ಲಾಕ್ಸಾಸಿನ್ ಗುಳಿಗೆ ಬಂತು, ಎರಡಕ್ಕೇ ಜ್ವರ ಓಡುತ್ತದೆ ಎಂದು ಹೆಸರಾಯಿತು. ನಾನು ಅದನ್ನೂ ಕತ್ತರಿಸಿ ಕೊಟ್ಟೆ, ಅದರ ತುಣುಕೂ ಡಬ್ಬಿಗೆ ಬಿತ್ತು. ಮನೆಯಲ್ಲಿ ಮಗಳಿಗಂತೂ ಕೇಳುವುದೇ ಬೇಡ. ಸೀನಿದರೆ ಒಂದು, ಕೆಮ್ಮಿದರೆ ಎರಡು, ಪರೀಕ್ಷೆ ಬಂದರೆ ಮುಂಜಾಗ್ರತೆಗೆ ಒಂದು. ಎರಡು ದಿನಕ್ಕೆ ಗೆಲುವಾದರೆ ನಿಲ್ಲಿಸುವುದು. ಗುಳಿಗೆ ಅಂಗಡಿಯ ಮಗಳು ಕಾಯಿಲೆ ಬಿದ್ದಳು ಎಂದರೆ ನನಗೆ ಅವಮಾನವಲ್ಲವೇ? ಅಂಗಡಿಯಲ್ಲಿ ಆಗ ಇನ್ನೊಂದು ಮಾಲು ಬರತೊಡಗಿತ್ತು. ಮೊಸರಿನ ಜೀವಗಳನ್ನೇ ಒಣಗಿಸಿ ತುಂಬಿದ ಗುಳಿಗೆ. ಅದನ್ನು ಕ್ರಿಮಿ ಕೊಲ್ಲುವ ಗುಳಿಗೆಯ ಜೊತೆ ಜೋಡಿ ಮಾಡಿ ಮಾರುತ್ತಿದ್ದೆವು. ಒಂದು ಕೊಲ್ಲುವುದಕ್ಕೆ, ಒಂದು ಹುಟ್ಟಿಸುವುದಕ್ಕೆ. ಹೆಪ್ಪನ್ನು ಅತ್ತೆ ಬಟ್ಟಲಲ್ಲಿ ಪುಕ್ಕಟೆ ಕೊಟ್ಟರು, ನಾನು ಪಟ್ಟಿಯಲ್ಲಿ ಮಾರಿದೆ.

ಹತ್ತನೆಯ ವರ್ಷಕ್ಕೆ ಮಗಳಿಗೆ ಜ್ವರ ಬಂತು. ನಾನು ಎಂದಿನಂತೆ ಕೊಟ್ಟೆ. ಇಳಿಯಲಿಲ್ಲ. ಬೇರೆಯದು ಕೊಟ್ಟೆ. ಇಳಿಯಲಿಲ್ಲ. ಅಳಿಯ ಅಲ್ಲ ಮಗಳ ಗಂಡ ಎಂಬಂತೆ, ಅದೇ ಜಾತಿಯ ಇನ್ನೊಂದು ಹೆಸರಿನದು ಕೊಟ್ಟೆ. ಐದನೆಯ ದಿನ ಮೈ ಕೆಂಡವಾಗಿತ್ತು, ನಾಲಿಗೆ ಬಿಳಿಯಾಗಿ ಒಣಗಿತ್ತು, ಕರೆದರೆ ಓಗೊಡುತ್ತಿರಲಿಲ್ಲ. ಏಳನೆಯ ದಿನ ನನ್ನ ಗಂಡ ಮೊದಲ ಸಲ ನನ್ನ ಮೇಲೆ ಕೂಗಿದರು. ಕೂಡ್ಲಿಗಿಗೆ ಹೋಗೋಣ ಎಂದು ಹೊರಟವರು, ಮಗುವಿನ ಸ್ಥಿತಿ ನೋಡಿ ಯಾರೋ ಹೇಳಿದ ಮೇಲೆ ನೇರ ದಾವಣಗೆರೆಯ ಆಸ್ಪತ್ರೆಗೇ ಹೋದೆವು. ಟೈಫಾಯಿಡ್ ಎಂದರು. ರಕ್ತ ತೆಗೆದು, ಆ ಕ್ರಿಮಿಯನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ ನೋಡಬೇಕು ಎಂದರು.

ಮೂರು ದಿನಕ್ಕೆ ವರದಿ ಬಂತು. ಎಡಗಡೆ ಔಷಧಗಳ ಹೆಸರು, ಬಲಗಡೆ ಒಂದೊಂದು ಇಂಗ್ಲಿಷ್ ಅಕ್ಷರ. ಆರ್ ಎಂದರೆ ಕ್ರಿಮಿ ಬಗ್ಗುವುದಿಲ್ಲ, ಎಸ್ ಎಂದರೆ ಬಗ್ಗುತ್ತದೆ. ಆಂಪಿಸಿಲಿನ್, ಆರ್. ಕ್ಲೋರಂಫೆನಿಕಾಲ್, ಆರ್. ಕೋಟ್ರೈಮಾಕ್ಸಜೋಲ್, ಆರ್. ಸಿಪ್ರೋಫ್ಲಾಕ್ಸಾಸಿನ್, ಆರ್. ನಾನು ಅದನ್ನು ಓದುತ್ತಿರಲಿಲ್ಲ, ನನ್ನ ಡಬ್ಬಿಯೊಳಗೆ ಇಣುಕಿ ನೋಡುತ್ತಿದ್ದೆ. ಕೆಳಗೆ ಒಂದು ಸೂಜಿಮದ್ದಿನ ಮುಂದೆ ಮಾತ್ರ ಎಸ್ ಇತ್ತು.

ಡಾಕ್ಟರು ನನ್ನ ಅಣ್ಣನ ವಯಸ್ಸಿನವರು, ಮೆಲ್ಲಗೆ ಮಾತಾಡುವವರು.

"ಇದಕ್ಕೆ ಮೊದಲು ಮಗುವಿಗೆ ಇವನ್ನ ಎಷ್ಟು ಸಲ ಕೊಟ್ಟಿದ್ದೀರಿ ಅಮ್ಮ?"

ನಾನು ವರದಿಯನ್ನು ಮಡಚಿದೆ. ಲೆಕ್ಕ ಯಾರಿಗೆ ಗೊತ್ತು?

"ಯಾರು ಬರೆದುಕೊಟ್ಟರು?"

"ನಾನ ರೀ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬರೇ ನಿಮ್ಮ ಮಗಳ ಹೊಟ್ಟೆಯಲ್ಲಿ ಕಲಿತ ಕ್ರಿಮಿ ಅಲ್ಲಮ್ಮ ಇದು. ಊರಲ್ಲಿ ಯಾರ್ಯಾರೋ ಎರಡು ನುಂಗಿ ನಿಲ್ಲಿಸಿರ್ತಾರೆ. ಅರ್ಧ ಪೆಟ್ಟು ತಿಂದು ಬದುಕಿದ್ದು ಗಟ್ಟಿಯಾಗ್ತದೆ. ಅದೇ ನೀರಿಗೆ ಬಂದು ಇನ್ನೊಬ್ಬರ ಹೊಟ್ಟೆಗೆ ಹೋಗ್ತದೆ" ಎಂದರು. ನಾನು ಊರಿಗೆ ಎರಡೆರಡಾಗಿ ಹಂಚಿದ್ದು ನೀರಿನಲ್ಲಿ ತಿರುಗಿ ನನ್ನ ಮನೆಗೇ ಬಂದಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುವ ಮಾತಿದೆ. ನಾನು ಮಾಡಿದೆ, ಉಂಡವಳು ಮಗಳು.

ದಿನಕ್ಕೊಂದರಂತೆ ಹನ್ನೆರಡು ಸೂಜಿ ಬರೆದರು, ಅದಕ್ಕೆ ಜ್ವರ ಇಳಿಯಿತು. ಆರನೆಯ ದಿನ ಮಗಳು "ಯವ್ವಾ" ಎಂದಳು. ನಾನು ಆಸ್ಪತ್ರೆಯ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತುಬಿಟ್ಟೆ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಹನ್ನೊಂದನೆಯ ದಿನಕ್ಕೆ ಹೊಟ್ಟೆ ಹರಿಯತೊಡಗಿತು. ದಿನಕ್ಕೆ ಹದಿನೈದು ಸಲ, ಬರೀ ನೀರು. ಮೊದಲೇ ಕಡ್ಡಿಯಾಗಿದ್ದ ಹುಡುಗಿ, ಕಣ್ಣು ಗುಳಿ ಬಿದ್ದವು. ಡಾಕ್ಟರು ಸೂಜಿ ನಿಲ್ಲಿಸಿದರು. ಕೆಟ್ಟವುಗಳ ಜೊತೆ ಹೊಟ್ಟೆಗೆ ಬೇಕಾದವೂ ಸತ್ತಿವೆ, ಅವು ಮತ್ತೆ ಬೆಳೆಯಬೇಕು, ಉಪ್ಪು-ಸಕ್ಕರೆ ನೀರು, ಅನ್ನ, ಮಜ್ಜಿಗೆ ಕೊಡಿ ಎಂದರು. ಎರಡು ಸೂಜಿಮದ್ದಿನ ಸೀಸೆ ನಮ್ಮಲ್ಲೇ ಉಳಿದವು.

ಅತ್ತೆ ಅವತ್ತು ಬಸ್ಸಿನಲ್ಲಿ ಬಂದಿದ್ದರು. ಮೊಮ್ಮಗಳ ಕಾಲ ಬಳಿ ಕೂತು ಪಾದ ತಿಕ್ಕುತ್ತಿದ್ದರು. ನಾನು, "ಅತ್ತಿ, ಮಜ್ಜಿಗಿ ಕೊಡಂತಾರ. ನಿಮ್ಮ ಕೈಲೆ ಹೆಪ್ಪ ಹಾಕಿ ತರ್ರಿ" ಎಂದೆ.

ಅವರು ತಲೆ ಎತ್ತಲಿಲ್ಲ. "ನನ್ನ ಕೈ ಬ್ಯಾಡಬೇ. ಕೆಟ್ಟ ಕೈ ಅದು. ಈ ಕೂಸಿಗೆ ಮಾತ್ರ ಬ್ಯಾಡ."

ಆರು ವರ್ಷದಿಂದ ಆ ಮಾತು ಕೇಳುತ್ತಿದ್ದೆ. ಅವತ್ತು ತಡೆಯಲು ಆಗಲಿಲ್ಲ. ವರಾಂಡಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಕಾಂಪೌಂಡರ್ ಹೇಳಿದ್ದು, ನಾನು ಮುಚ್ಚಿಟ್ಟದ್ದು, ಹಾಲು ಕೂಡಿಸಿ ಕರೆದದ್ದು, ಅವರು ಅಳುವಾಗ ಗೊತ್ತಿದ್ದೂ ಸುಮ್ಮನೆ ನಿಂತದ್ದು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತ್ತು. ಅತ್ತೆ ಬಹಳ ಹೊತ್ತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅದು ಹೋಗ್ಲಿ" ಎಂದರು. "ಹಾಲು ಹೆಪ್ಪ ಆಗಲಾರದ ದಿನಾನ ಹೇಳಿದ್ದೆಂದ್ರ, ಈ ಕೂಸಿಗೆ ಆ ಗುಳಿಗಿ ಕೊಡಾಕ ನಾ ಬಿಡ್ತಿದ್ನೇನು?"



ಅವರು ಒಳಗೆ ಹೋಗಿ ಚೀಲ ತೆಗೆದುಕೊಂಡು, ಊಟವನ್ನೂ ಮಾಡದೆ ನೀಲಗುಂದಕ್ಕೆ ಹೊರಟರು. ಮರುದಿನ ಮಧ್ಯಾಹ್ನ ಒಂದು ಕುಡಿಕೆ ಹಿಡಿದು ಬಂದರು. ತವರಿನ ಪಕ್ಕದ ಮನೆಯಲ್ಲಿ ಆ ಹಳೆಯ ಹೆಪ್ಪು ಇನ್ನೂ ನಡೆದಿತ್ತಂತೆ. ಅತ್ತೆಯ ತಾಯಿ ಯಾವ ಕಾಲದಲ್ಲೋ ಕೊಟ್ಟದ್ದು. ಅವತ್ತಿನಿಂದ ಅತ್ತೆ ದಾವಣಗೆರೆಯ ನೆಂಟರ ಮನೆಯಲ್ಲಿ ತಾವೇ ಹೆಪ್ಪು ಹಾಕಿ, ಕಡೆದು, ತೆಳ್ಳಗೆ ಮಾಡಿ ತಂದು ಚಮಚದಲ್ಲಿ ಕುಡಿಸಿದರು. ಎಂಟು ಹತ್ತು ದಿನಕ್ಕೆ ಭೇದಿ ನಿಂತಿತು. ಮಜ್ಜಿಗೆಯಿಂದಲೇ ನಿಂತಿತು ಎಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಅಷ್ಟರಲ್ಲಿ ಕಲಿತಿದ್ದೆ.

ಮೊನ್ನೆ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಔಷಧ ತಿಂದು ತಿಂದು ಹೊಟ್ಟೆಯ ಜೀವಗಳೆಲ್ಲ ಸತ್ತು ಭೇದಿ ನಿಲ್ಲದವರಿಗೆ, ಗಟ್ಟಿಮುಟ್ಟಾದವರ ಮಲದಿಂದ ಆ ಜೀವಗಳನ್ನು ತೆಗೆದು ಒಳಗೆ ಹಾಕುತ್ತಾರಂತೆ, ಅದರಿಂದ ಬದುಕಿದವರಿದ್ದಾರಂತೆ. ಅತ್ತೆ ಈಗಿಲ್ಲ. ಇದ್ದಿದ್ದರೆ ಮೂಗು ಮುಚ್ಚಿಕೊಂಡು "ಥೂ" ಎಂದು ಒಂದು ಸಲ ಉಗಿದು, ಆಮೇಲೆ "ಅದೂ ಹೆಪ್ಪ ಐತಲ್ಲಬೇ, ಮಂದಿ ಮನಿ ಹೆಪ್ಪ" ಎನ್ನುತ್ತಿದ್ದರು. ದೀಪ ಹಚ್ಚಿದ ಮೇಲೆ ಕೊಡುತ್ತಾರೋ ಇಲ್ಲವೋ ಎಂದೂ ಕೇಳುತ್ತಿದ್ದರು.

ಆಸ್ಪತ್ರೆಯಿಂದ ಊರಿಗೆ ಬಂದ ದಿನವೇ ಡಬ್ಬಿಯನ್ನು ತಿಪ್ಪೆಗೆ ಸುರಿದೆ. ಅದೂ ತಪ್ಪು, ಔಷಧ ಮಣ್ಣಿಗೂ ನೀರಿಗೂ ಇಳಿಯುತ್ತದೆ ಎಂದು ತಿಳಿದದ್ದು ಎಷ್ಟೋ ದಿನದ ಮೇಲೆ. ಆ ವರ್ಷದ ಗೊಬ್ಬರ ಹೊಲಕ್ಕೆ ಹೋಗಿಯಾಗಿತ್ತು. ನಾವು ಊರಿಗೆ ಬಂದ ಮೇಲಿನ ಮೊದಲ ಸೋಮವಾರ ಬಂತು. ನಾನು ಅಂಗಡಿಯಲ್ಲಿದ್ದೆ. ನಾವಿಲ್ಲದ ಒಂದು ತಿಂಗಳು ಕೊಟ್ಟಿಗೆ ನೋಡಿಕೊಂಡಿದ್ದವಳು ನಾಲ್ಕು ದಿನದಿಂದ ಬಂದಿರಲಿಲ್ಲ. ಅವತ್ತು ಬಂದು ಮೆಟ್ಟಿಲ ಕೆಳಗೆ ನಿಂತಳು.

"ಹುಡುಗೀಗೆ ಆರು ದಿನದಿಂದ ಜ್ವರ ಅಕ್ಕಾರ. ಎದುರಿನ ಅಂಗಡ್ಯಾಗ ತಂದು ಹಾಕಿದ್ನಿ, ಇಳೀವಲ್ದು. ಸೋಮಾರ ಅಲ್ಲೇನ್ರಿ ಇವತ್ತು?"

ಬೊಗಸೆ ಒಡ್ಡಿದಳು. ಡಬ್ಬಿ ಇಲ್ಲ, ಗುಳಿಗೆ ಕೊಡುವುದಿಲ್ಲ, ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗು ಎಂದೆ. ಅವಳು ನನ್ನನ್ನು ನೋಡಿದ ರೀತಿ, ಮಠದವರು ಮುಂದಿನ ಎಲೆ ಎತ್ತಿಕೊಂಡಾಗ ಉಣ್ಣುತ್ತಿದ್ದವರು ನೋಡುವ ಹಾಗಿತ್ತು.

"ನಿಮ್ಮ ಮಗಳು ಉಳಿದಳಲ್ರಿ" ಎಂದಳು. ಸಿಟ್ಟಿನಿಂದಲ್ಲ, ಬೇಡುವ ದನಿಯಲ್ಲೇ. "ನಿಮ್ಮ ಮಗಳಿಗೆ ಏನ ಕೊಟ್ರಿ, ನನ್ನ ಮಗಳಿಗೂ ಅದನ್ನ ಕೊಡ್ರಿ."

ನನ್ನ ಗಂಡ ಒಳಗಿಂದ, "ಆ ಎರಡು ಸೀಸೆ ಅದಾವಲ್ಲ, ಕೊಟ್ಟು ಕಳಿಸು. ಸುಮ್ನ ಬಿದ್ದಾವ" ಎಂದರು. ನನ್ನ ಕೈ ಕಪಾಟಿಗೆ ಹೋಗಿಯೇ ಬಿಟ್ಟಿತ್ತು. ಎರಡು. ಮತ್ತೆ ಎರಡು! ಹನ್ನೆರಡು ಬೇಕಾದಲ್ಲಿ ಎರಡು ಕೊಟ್ಟು, ಉಳಿದಿದ್ದ ಒಂದೇ ಒಂದು ಎಸ್ ಅನ್ನೂ ನಾನೇ ಕೆಡಿಸಲು ಹೊರಟಿದ್ದೆ. ಕಪಾಟು ಮುಚ್ಚಿ, "ನಾಳೆ ಮೊದಲನೇ ಬಸ್ಸಿಗೆ ಮಗಳನ್ನ ಕರಕೊಂಡು ಬಾ. ದಾವಣಗೆರಿಗೆ ನಾನೂ ಬರ್ತೀನಿ" ಎಂದೆ.

ಅವಳ ಮಗಳು ಉಳಿದಳು ಎಂದು ಮೊದಲೇ ಹೇಳಿಬಿಡುತ್ತೇನೆ. ವರದಿಯಲ್ಲಿ ಅದೇ ಔಷಧಗಳ ಮುಂದೆ ಅದೇ ಅಕ್ಷರಗಳು ಇದ್ದವು. ಅದೇ ಸೂಜಿ, ಅಷ್ಟೇ ದಿನ.

ನನ್ನನ್ನು ಬಿಡದೆ ಕಾಡುವುದು ಆ ಬಸ್ಸು. ಮೂವರ ಸೀಟಿನಲ್ಲಿ ಅವಳು ಕಿಟಕಿಗೆ, ನಾನು ಈ ತುದಿಗೆ, ನಡುವೆ ಹುಡುಗಿ. ಹರಪನಹಳ್ಳಿ ಬರುವಷ್ಟರಲ್ಲಿ ಹುಡುಗಿ ಕೂರಲು ಆಗದೆ ನನ್ನ ಕಡೆ ವಾಲಿದಳು. ನಾನು ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹತ್ತು ವರ್ಷ ಮೇಲಿಂದ ಮಜ್ಜಿಗೆ ಸುರಿದ ಮನೆಯವಳು ನಾನು, ಆ ಮಗುವನ್ನು ಮುಟ್ಟಿದ್ದು ಅದೇ ಮೊದಲು. ಹಣೆ ನನ್ನ ಮಗಳದಷ್ಟೇ ಸುಡುತ್ತಿತ್ತು. ಹುಡುಗಿಯ ತಾಯಿಗೆ ಕಣ್ಣಲ್ಲಿ ನೀರು ಬಂತು. "ಯಾವ ಜನ್ಮದ ಪುಣ್ಯ ಅಕ್ಕಾರ. ಸೋಮಾರ ಸೋಮಾರ ನೀವು ಕೊಟ್ಟದ್ದರಾಗ ಬೆಳೆದ ಕೂಸು ಇದು. ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದು ದಾರಿಯುದ್ದಕ್ಕೂ ಹರಸುತ್ತಲೇ ಬಂದಳು.

ತೆಲಿಗಿ ಬಂತು. ನನ್ನ ತವರು. ಬಸ್ಸು ನಿಂತು ಹೊರಟಿತು, ನಾನು ತಲೆ ಎತ್ತಿ ನೋಡಲಿಲ್ಲ. ಊರು ದಾಟಿದ ಮೇಲೆ, "ಸಾಕು ನಿಲ್ಲಿಸಬೇ" ಎಂದೆ. ಅತ್ತೆಗೆ ಹೇಳಿದ್ದನ್ನು ಅವಳಿಗೂ ಹೇಳಿದೆ. ಡಾಕ್ಟರು ಹೇಳಿದ್ದನ್ನು ಆದಷ್ಟು ಬಿಡಿಸಿ ಹೇಳಿದೆ. ನಿನ್ನ ಮಗಳಿಗೆ ಈ ಗುಳಿಗೆಗಳು ನಾಟದೆ ಹೋದದ್ದರಲ್ಲಿ ನನ್ನ ಡಬ್ಬಿಯ ಪಾಲಿದೆ, ನನ್ನ ಮಗಳ ಜ್ವರದಲ್ಲೂ ಇದೆ, ಗೊತ್ತಿದ್ದೂ ಆರು ವರ್ಷ ಕೊಟ್ಟೆ ಎಂದೆ. ಬಸ್ಸಿನ ಸದ್ದಿಗೆ ಕೆಲವು ಮಾತು ಎರಡು ಸಲ ಹೇಳಬೇಕಾಯಿತು.

ಅವಳು ಪೂರ್ತಿ ಕೇಳಿದಳು. ಆಮೇಲೆ ಎರಡೂ ಕೈ ಚಾಚಿ, ಮಗಳ ತಲೆಯನ್ನು ನನ್ನ ತೊಡೆಯಿಂದ ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ದಾವಣಗೆರೆ ಬರಲು ಇನ್ನೂ ಒಂದು ಗಂಟೆ ಇತ್ತು. ಆ ಮಗುವಿನ ತಲೆ ಇದ್ದ ಜಾಗ ನನ್ನ ಸೀರೆಯ ಮೇಲೆ ಇನ್ನೂ ಬೆಚ್ಚಗಿತ್ತು, ನಾನು ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ.